ನಡುವೆ ಒಂದು ತಟ್ಟೆ

ಊಟಕ್ಕೆ ಕುಳಿತವರ ನಡುವೆ ಪುಟ್ಟ ಪುಟ್ಟ ಬಟ್ಟಲುಗಳನ್ನಿರಿಸಿ, ಎಲ್ಲರೂ ಅವುಗಳಿಂದಲೇ ತೆಗೆದುಕೊಂಡು ಉಣ್ಣುವುದು ಕೊರಿಯಾ ದೇಶದ ಸಂಪ್ರದಾಯ. ಆ ವ್ಯಂಜನಗಳಿಗೆ ‘ಬಾನ್‌ಚಾನ್’ ಎಂದು ಹೆಸರು. ಮಹಾನಗರಗಳಲ್ಲಿ ಅದೀಗ ಹೊಸ ಷೋಕಿ. ಬಳ್ಳಾರಿಯ ಗೆಳೆಯರಿಗಾದರೋ ಹಂಚಿ ತಿನ್ನುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಬಿಸಿಲಿಳಿಯಿತೆಂದರೆ ಬಂಡಿಯ ಮುಂದೆ ನಾಲ್ವರು ಸೇರುತ್ತಾರೆ. ನಡುವೆ ಒಂದು ತಟ್ಟೆ ಮಂಡಾಳು ಒಗ್ಗರಣೆ, ಪಕ್ಕದಲ್ಲಿ ಬಿಸಿ ಬಿಸಿ ಮಿರ್ಚಿ. ಮಂಡಾಳನ್ನು ನೀರಿನಲ್ಲಿ ಅದ್ದಿ, ಒಡನೆಯೇ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಸಿನಗಳ ಒಗ್ಗರಣೆಯಲ್ಲಿ ಹೊರಳಿಸಿ, ಮೇಲೆ ಪುಟಾಣಿ ಹಿಟ್ಟನ್ನು ಉದುರಿಸುವರು. ಒಂದು ಗಳಿಗೆ ಹೆಚ್ಚು ನೆನೆಯಿತೋ, ಮುದ್ದೆಯೇ ಗತಿ! ಸಿರುಗುಪ್ಪದಲ್ಲಿ ತುಂಗಭದ್ರೆಯ ಕಾಲುವೆ ನೀರಿಗೆ ಬತ್ತ ಬೆಳೆಯುವವರಿಗೂ, ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ದರ್ಶನ ಮುಗಿಸಿ ಬರುವವರಿಗೂ ಇದರ ರುಚಿ ಚೆನ್ನಾಗಿ ಗೊತ್ತು.

ಗಡಿಯಾಚೆ ಇದೇ ತಿಂಡಿಗೆ ‘ಉಗ್ಗಾನಿ’ ಎನ್ನುತ್ತಾರೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಅದಕ್ಕಾಗಿ ನಡೆದ ವಾದವಿವಾದ ಅಲ್ಪಸ್ವಲ್ಪದ್ದಲ್ಲ. ಬೀಗರು, ನೆಂಟರು, ಸಹಪಾಠಿಗಳು ಎರಡು ರಾಜ್ಯಗಳ ಪ್ರಜೆಗಳಾದರು. ಹೀಗಾಗಿ ಆದವಾನಿಯ ಗೆಳೆಯ ಇಂದಿಗೂ ಬಳ್ಳಾರಿಯ ಬಂಡಿಯ ಮುಂದೆ ನಿಂತು ಉಗ್ಗಾನಿಯನ್ನೇ ಕೇಳುತ್ತಾನೆ. ಬಂಡಿಯವನು ಮರುಮಾತಿಲ್ಲದೆ ಒಗ್ಗರಣೆ ಕೊಡುತ್ತಾನೆ.

ತಟ್ಟೆಯಲ್ಲಿ ಕಡೆಯದೊಂದು ಮಿರ್ಚಿ ಉಳಿಯುತ್ತದೆ. “ನೀ ತಗೋ” ಎಂದು ಒಬ್ಬ, “ನುವ್ವು ತೀಸ್ಕೋ” ಎಂದು ಇನ್ನೊಬ್ಬ. ಅಷ್ಟರಲ್ಲಿ ಮೂರನೆಯವನ ಕೈ ಅದರ ಮೇಲಿರುತ್ತದೆ.