ವರದಿಯಲ್ಲಿ ಯಾವುದು ಎಲ್ಲಿ ಕೂರಬೇಕು?

ದಸರಾ ರಜೆ ಮುಗಿಯುವ ಹೊತ್ತಿಗೆ ಚಿತ್ತಾಪುರದ ಡಿಟಿಪಿ ಅಂಗಡಿಗಳಲ್ಲಿ ಮಕ್ಕಳ ಗದ್ದಲ ಜೋರು. ಒಬ್ಬರಿಗೆ ಮುಖಪುಟಕ್ಕೆ ಬಣ್ಣದ ಅಂಚು ಬೇಕು, ಇನ್ನೊಬ್ಬರಿಗೆ ಇಂಟರ್ನೆಟ್ಟಿನ ಭೂಗೋಳದ ಚಿತ್ರ ಬೇಕು. ಎಲ್ಲರಿಗೂ ಸ್ಪೈರಲ್ ಬೈಂಡಿಂಗ್ ಸಂಜೆಯೊಳಗೇ ಆಗಬೇಕು. ಹೆಚ್ಚಿನವರು ಬರುವುದು ಮಕ್ಕಳ ವಿಜ್ಞಾನ ಸಮಾವೇಶದ ವರದಿಗಾಗಿ. 10ರಿಂದ 17 ವರ್ಷದ ಮಕ್ಕಳಿಗಾಗಿ 1993ರಿಂದ ದೇಶದ ಮಟ್ಟದಲ್ಲಿ ನಡೆಯುತ್ತಿರುವ ಕಾರ್ಯಕ್ರಮ ಇದು. ನಮ್ಮ ರಾಜ್ಯದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇದನ್ನು ನಡೆಸುತ್ತ ಬಂದಿದೆ. ತಮ್ಮ ಊರಿನದೇ ಒಂದು ಸಮಸ್ಯೆಯನ್ನು ಹಿಡಿದು ಮಕ್ಕಳು ಸ್ವತಃ ಅಳೆದು, ಕೇಳಿ, ನೋಡಿ ಬರೆಯಬೇಕು.

ವಿಜ್ಞಾನದ ಮೇಷ್ಟರಾಗಿ ಇಂಥ ವರದಿಗಳನ್ನು ತುಂಬ ಓದಿದ್ದೇನೆ. ಅಂದ ಎಲ್ಲದರಲ್ಲೂ ಇರುತ್ತದೆ. ಮಗು ತಾನೇ ಕಂಡದ್ದು ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಮಾತ್ರ ಸಾಕಾಗುತ್ತದೆ.

ಎಂಟನೆಯ ತರಗತಿಯ ಒಬ್ಬ ಹುಡುಗಿ ಫರ್ಸಿ ಕಲ್ಲಿನ ಧೂಳಿನ ಬಗ್ಗೆ ಪ್ರಾಜೆಕ್ಟ್ ಮಾಡಿದಳು. ಶಹಾಬಾದ್ ಕಲ್ಲು ಎಂದು ದೇಶವೆಲ್ಲ ಕರೆಯುವ ಆ ಸುಣ್ಣದಕಲ್ಲಿನ ಹಾಸು ನಮ್ಮ ಭಾಗದ ಮನೆಮನೆಯಲ್ಲೂ ಇದೆ. ಅದನ್ನು ಕೊರೆದು ಪಾಲಿಶ್ ಮಾಡುವ ಒಂದು ಘಟಕದಲ್ಲಿ ಅವಳ ಅಪ್ಪ ಕೂಲಿಗೆ ಹೋಗುತ್ತಾರೆ. ಅವಳು ಆರು ಬಿಳಿ ಪ್ಲಾಸ್ಟಿಕ್ ತಟ್ಟೆಗಳಿಗೆ ವ್ಯಾಸಲೀನ್ ಸವರಿ, ಐದನ್ನು ಘಟಕದಿಂದ ಬೇರೆಬೇರೆ ದೂರದಲ್ಲಿ ಒಂದು ಹಗಲು ಒಂದು ರಾತ್ರಿ ಇಟ್ಟಿದ್ದಳು. ಆರನೆಯದನ್ನು ಮುಚ್ಚಿದ ಡಬ್ಬಿಯಲ್ಲಿಟ್ಟಿದ್ದಳು. ಆಮೇಲೆ ಒಂದು ಸೆಂಟಿಮೀಟರ್ ಚೌಕದಲ್ಲಿ ಕೂತ ಕಣಗಳನ್ನು ಭೂತಗನ್ನಡಿ ಹಿಡಿದು ಎಣಿಸಿದ್ದಳು. ಇದನ್ನೇ ಮೂರು ಸಲ ಮಾಡಿದ್ದಳು. ಒಳ್ಳೆಯ ಕೆಲಸ.

ಆದರೆ ಅವಳು ತಂದ ಕರಡಿನಲ್ಲಿ ಮೊದಲ ಹದಿನೆಂಟು ಪುಟ ‘ವಾಯು ಮಾಲಿನ್ಯ ಎಂದರೇನು’ ಎಂದಿತ್ತು, ದೆಹಲಿಯ ಹೊಗೆಯ ಫೋಟೋ ಸಮೇತ. ತಟ್ಟೆಗಳ ಲೆಕ್ಕ ಕೊನೆಯ ಪುಟದಲ್ಲಿ, ಪೆನ್ಸಿಲ್‌ನಲ್ಲಿ. ಮೂರನೆಯ ತಟ್ಟೆಯ ಸಾಲನ್ನು ಹೊಡೆದು ಹಾಕಿದ್ದಳು. ಯಾಕೆಂದು ಕೇಳಿದೆ.

“ಅದು ದೂರ ಇದ್ರೂ ಜಾಸ್ತಿ ಧೂಳ ಬಂದದ ಸರ್ರೀ. ತಪ್ಪ ಅನಸ್ತು.”

ತಪ್ಪಲ್ಲ. ಆ ತಟ್ಟೆಯ ಪಕ್ಕದಲ್ಲೇ ಲಾರಿ ಓಡಾಡುವ ಮಣ್ಣಿನ ರಸ್ತೆ ಇತ್ತು. ಆ ಸಾಲನ್ನು ಕೋಷ್ಟಕಕ್ಕೆ ಮತ್ತೆ ಸೇರಿಸಿ, ರಸ್ತೆಯ ಮಾತನ್ನು ಚರ್ಚೆಯ ಭಾಗದಲ್ಲಿ ಬರೆಯಲು ಹೇಳಿದೆ.

ವರದಿಯ ಭಾಗಗಳು ಯಾರೋ ಕಾನೂನು ಮಾಡಿದರೆಂದು ಇರುವುದಲ್ಲ. ಓದುವವನು ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತಾನೆ, ಅಷ್ಟೇ. ಯಾಕೆ ಈ ವಿಷಯ ಎತ್ತಿಕೊಂಡೆ? ಅದು ಪೀಠಿಕೆ, ಒಂದೆರಡು ಪುಟ ಸಾಕು. ಹೇಗೆ ಮಾಡಿದೆ? ಅದು ವಿಧಾನ. ಯಾವ ತಟ್ಟೆ, ಎಷ್ಟು ಹೆಜ್ಜೆ ದೂರ, ಯಾವ ದಿನ, ಗಾಳಿ ಯಾವ ಕಡೆಯಿಂದ ಎಂಬುದೆಲ್ಲ ಇಲ್ಲಿ. ಸೇಡಂನ ಇನ್ನೊಬ್ಬ ಹುಡುಗ ಇದನ್ನು ಓದಿಕೊಂಡೇ ಅದೇ ಪ್ರಯೋಗ ಮಾಡುವಂತಿರಬೇಕು. ಏನು ಕಂಡಿತು? ಫಲಿತಾಂಶ. ಅದರ ಅರ್ಥವೇನು? ಚರ್ಚೆ. ಇಷ್ಟೆಲ್ಲ ಮುಗಿದ ಮೇಲೆ ಬರೆದು, ಎಲ್ಲಕ್ಕಿಂತ ಮುಂದೆ ಕೂಡಿಸುವುದು ಸಾರಾಂಶ.

ನಮ್ಮ ಮಕ್ಕಳಿಗೆ ಇದನ್ನು ಹೇಳಲು ನಾನು ದೂರ ಹೋಗುವುದಿಲ್ಲ. ಚಿತ್ತಾಪುರದ ಪಕ್ಕದಲ್ಲೇ ನಾಗಾವಿ ಇದೆ. ಚಾಲುಕ್ಯರ ಕಾಲದಲ್ಲಿ ಅಲ್ಲಿ ದೊಡ್ಡ ಘಟಿಕಾಸ್ಥಾನವಿತ್ತು. 1058ರ ಶಾಸನವೊಂದು ಅದರ ಲೆಕ್ಕ ಕೊಡುತ್ತದೆ. ವೇದ ಓದುವವರು 200, ಶಾಸ್ತ್ರ ಓದುವವರು 52, ಪುಸ್ತಕ ನೋಡಿಕೊಳ್ಳುವ ಸರಸ್ವತೀ ಭಂಡಾರಿಗರು ಆರು ಜನ. ‘ಬಹಳ ವಿದ್ಯಾರ್ಥಿಗಳಿದ್ದರು’ ಎಂದಷ್ಟೇ ಕೆತ್ತಿದ್ದರೆ ಇಂದು ನಮಗೆ ಏನು ಗೊತ್ತಾಗುತ್ತಿತ್ತು? ಗ್ರಂಥಾಲಯಕ್ಕೆ ಆರು ಜನ ಎಂದು ಕೇಳಿದಾಗ ಈಗಿನ ಮಕ್ಕಳು ಬಾಯಿ ಬಿಡುತ್ತಾರೆ. ಮೇಷ್ಟರುಗಳೂ ಬಿಡುತ್ತೇವೆ.

ಇನ್ನು ಟೈಪಿಂಗ್ ಮಾತು. ಕನ್ನಡಕ್ಕೆ ಸಾಲುಗಳ ನಡುವೆ ಒಂದೂವರೆಯಷ್ಟು ಅಂತರ ಬೇಕೇ ಬೇಕು. ಇಲ್ಲದಿದ್ದರೆ ಒತ್ತಕ್ಷರ ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತದೆ. ಎಡಗಡೆ ಒಂದೂವರೆ ಇಂಚು ಬಿಡಿ, ಬೈಂಡಿಂಗ್ ಅಷ್ಟನ್ನು ನುಂಗುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತದೆ. ಆದ್ದರಿಂದ ಯೂನಿಕೋಡ್‌ನಲ್ಲೇ ಮಾಡಿಸಿ, ಒಂದು ಪಿಡಿಎಫ್ ಪ್ರತಿಯನ್ನೂ ಇಟ್ಟುಕೊಳ್ಳಿ. ಕೋಷ್ಟಕದ ಹೆಸರು ಅದರ ಮೇಲೆ, ಚಿತ್ರದ ಹೆಸರು ಚಿತ್ರದ ಕೆಳಗೆ. ಪುಟಸಂಖ್ಯೆ ಮರೆಯಬೇಡಿ. ಅಂಚಿನ ಹೂವು ನನಗೆ ಸೇರುವುದಿಲ್ಲ, ಅದು ನಿಮ್ಮಿಷ್ಟ.

ದಿನದಿನದ ಟಿಪ್ಪಣಿ ಪುಸ್ತಕವನ್ನು ಮಾತ್ರ ಹೊಸದಾಗಿ ನಕಲು ಮಾಡಬೇಡಿ. ಎಣ್ಣೆ ಕಲೆ ಇದ್ದರೂ ಇರಲಿ. ತೀರ್ಪುಗಾರರು ಮೊದಲು ತೆಗೆದು ನೋಡುವುದು ಅದನ್ನೇ.

ಆ ಹುಡುಗಿಯ ಕರಡಿನಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ತೀರ್ಮಾನದ ಹತ್ತಿರ. ‘ಈ ಧೂಳಿನಿಂದಲೇ ನಮ್ಮ ಅಪ್ಪನಿಗೆ ಕೆಮ್ಮು ಬಂದಿದೆ’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದಳು.

“ಧೂಳ ಎಷ್ಟ ಕೂತದ ಅಂತ ನೀ ಅಳದೀ ಅವ್ವಾ. ಕೆಮ್ಮ ಯಾಕ ಬಂತು ಅಂತ ಅಳದಿಲ್ಲಲ್ಲ?” ಎಂದೆ.

ಅವಳ ಕಣ್ಣು ತುಂಬಿತು. “ಹಂಗಾರ ನಮ್ಮಪ್ಪನ ಮಾತ ಬಿಟ್ಟೇ ಬಿಡೂದೇನ್ರೀ?”

“ಬಿಡಬ್ಯಾಡ. ಪೀಠಿಕೆದಾಗ, ಮೊದಲನೇ ಸಾಲಿನಾಗೇ ಬರಿ. ಅದಕ್ಕೇ ಅಲ್ಲೇನು ನೀ ತಟ್ಟಿ ಇಟ್ಟಿದ್ದು?”

ಕಲ್ಲಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಒಬ್ಬ ಮನುಷ್ಯನ ಕೆಮ್ಮಿನ ಕಾರಣ ಹೇಳಬೇಕಾದವರು ವೈದ್ಯರು. ಅವಳ ತೀರ್ಮಾನದ ಮೊದಲ ಸಾಲೇ ಬಿದ್ದುಹೋಗುವಂತಿದ್ದರೆ, ಮೂರು ಸಲ ಎಣಿಸಿದ ಲೆಕ್ಕವನ್ನೂ ಯಾರೂ ನಂಬುವುದಿಲ್ಲ. ಘಟಕದವರಿಗೆ ಅಷ್ಟೇ ಸಾಕು, ‘ಹುಡುಗಿ ಏನೋ ಬರೆದಿದ್ದಾಳೆ’ ಎಂದು ತಳ್ಳಿಹಾಕಲು. ಅಪ್ಪನನ್ನು ಎದೆಯ ಎಕ್ಸ್‌ರೇಗೆ ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಆವತ್ತೇ ಹೇಳಿದೆ. ಅದಕ್ಕೆ ವರದಿ ಮುಗಿಯುವವರೆಗೆ ಕಾಯಬೇಕಿಲ್ಲ.

ಹದಿನೆಂಟು ಪುಟಗಳ ಪೀಠಿಕೆ ಒಂದೂವರೆ ಪುಟವಾಯಿತು. ಘಟಕದ ಹೆಸರು ತೆಗೆದಳು, ‘ಒಂದು ಪಾಲಿಶ್ ಘಟಕ’ ಎಂದು ಬರೆದಳು. ಮಾತಾಡಿಸಿದ ಕೆಲಸಗಾರರ ಹೆಸರಿನ ಬದಲು ವಯಸ್ಸು ಮತ್ತು ಎಷ್ಟು ವರ್ಷದಿಂದ ಕೆಲಸ ಎಂಬುದು ಮಾತ್ರ ಉಳಿಯಿತು. ಕೂಲಿ ಹೋಗಬಾರದಲ್ಲ. ತೀರ್ಮಾನದಲ್ಲಿ ಈಗ ಮೂರೇ ವಾಕ್ಯ. ಘಟಕದ ಹತ್ತಿರದ ತಟ್ಟೆಗಳಲ್ಲಿ ಧೂಳು ಹೆಚ್ಚು. ಮಣ್ಣಿನ ರಸ್ತೆಯೂ ಧೂಳು ಎಬ್ಬಿಸುತ್ತದೆ. ಕೊರೆಯುವಾಗ ನೀರು ಬಿಟ್ಟರೆ ಎಷ್ಟು ಕಡಿಮೆಯಾಗುತ್ತದೆ ಎಂಬುದನ್ನು ಮುಂದೆ ಅಳೆಯಬೇಕು.

ಬೈಂಡಿಂಗ್ ಆದ ಪ್ರತಿಯನ್ನು ಅವಳ ಅಪ್ಪ ಶಾಲೆಗೇ ಬಂದು ನೋಡಿದರು. ಮುಖಪುಟ ತಿರುಗಿಸಿ ನೇರ ಕೋಷ್ಟಕಕ್ಕೆ ಹೋದರು. ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿ, ಮಗಳನ್ನು ಕೇಳಿದರು: “ಇದರಾಗ ನಮ್ಮ ಮನಿ ಯಾವ ತಟ್ಟಿ ಹತ್ರ ಬರ್ತದವ್ವಾ?”

ಎರಡನೆಯದರ ಹತ್ತಿರ ಬರುತ್ತಿತ್ತು.