ದುಡ್ಡು ಬಂತು ಅಂತ ಹೇಳೋದು ಯಾರು?

ಸಾಗರದ ಹತ್ತಿರ ಇರುವ ನನ್ನ ಚಿಕ್ಕಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಾರೆ. ಆರ್ಡರ್ ವಾಟ್ಸ್‌ಆ್ಯಪ್‌ನಲ್ಲಿ, ದುಡ್ಡು ಯುಪಿಐನಲ್ಲಿ, ಹಾಕಿದ್ದಕ್ಕೆ ಸಾಕ್ಷಿ ಸ್ಕ್ರೀನ್‌ಶಾಟ್. ಹೋದ ವರ್ಷ ಯಾರೋ ಒಬ್ಬ ತಿದ್ದಿದ ಸ್ಕ್ರೀನ್‌ಶಾಟ್ ಕಳಿಸಿ ಆರು ಕೆಜಿ ಉಪ್ಪಿನಕಾಯಿ ತರಿಸಿಕೊಂಡ. ಬ್ಯಾಂಕಿನ ಮೆಸೇಜ್ ನೋಡ್ಲಿಲ್ವಾ ಅಂತ ಕೇಳಿದರೆ, "ಮಿಡಿ ಬರೋ ಹೊತ್ತಲ್ಲಿ ಕೈಯೆಲ್ಲ ಉಪ್ಪು, ಖಾರ. ಒಂದೊಂದು ಮೆಸೇಜ್ ಹುಡುಕ್ತಾ ಕೂರೋಕಾಗುತ್ತಾ? ನೀನು ಬೆಂಗಳೂರಲ್ಲಿ ಅದೇ ಕೆಲಸ ಮಾಡೋದಲ್ವಾ, ಏನಾದ್ರೂ ಮಾಡಿಕೊಡು" ಅಂದರು.

ಪುಟ್ಟ ವೆಬ್‌ಸೈಟ್ ಮಾಡೋದು ದೊಡ್ಡ ವಿಷಯ ಆಗಲಿಲ್ಲ. ದುಡ್ಡು ತಗೊಳ್ಳುವ ಭಾಗಕ್ಕೆ ರೇಜರ್‌ಪೇ ಆರಿಸಿಕೊಂಡೆ. 2014ರಲ್ಲಿ ಶುರುವಾದ, ಬೆಂಗಳೂರಿನಲ್ಲೇ ಮುಖ್ಯ ಕಚೇರಿ ಇರುವ ಕಂಪನಿ. ಪೈಥಾನ್, ನೋಡ್, ಪಿಎಚ್‌ಪಿ, ಜಾವಾಗಳಿಗೆ ಅವರದ್ದೇ ಎಸ್‌ಡಿಕೆ ಇದೆ. ಬೇರೆ ಪೇಮೆಂಟ್ ಗೇಟ್‌ವೇ ಬಳಸುವವರಿಗೂ ಮುಂದಿನ ಮಾತು ಹೆಚ್ಚುಕಡಿಮೆ ಅನ್ವಯಿಸುತ್ತೆ.

ಎಪಿಐ ಅಂದ್ರೆ ಬ್ಯಾಂಕಿನ ಕೌಂಟರ್ ಇದ್ದ ಹಾಗೆ. ಯಾವ ಫಾರ್ಮ್, ಯಾವ ಕಾಲಂನಲ್ಲಿ ಏನು, ಎಲ್ಲಿ ಸಹಿ ಅನ್ನೋದೆಲ್ಲ ಅಲ್ಲಿ ನಿಗದಿ. ಎಸ್‌ಡಿಕೆ ಆ ಫಾರ್ಮನ್ನು ನಮ್ಮ ಪರವಾಗಿ ತುಂಬಿಕೊಡುವ ಲೈಬ್ರರಿ. ಅದಿಲ್ಲದೆಯೂ ಕೆಲಸ ಆಗುತ್ತೆ: ಕೀ ಐಡಿ, ಸೀಕ್ರೆಟ್ ಎರಡನ್ನೂ ಕೋಲನ್ ಹಾಕಿ ಸೇರಿಸಿ, ಬೇಸ್-64ಗೆ ತಿರುಗಿಸಿ, ಹೆಡರ್‌ನಲ್ಲಿಟ್ಟು, ಜೇಸನ್ ಕಟ್ಟಿ ಕಳಿಸಿ, ಬಂದ ಉತ್ತರ 200ಓ 400ಓ ಅಂತ ನೋಡಬೇಕು. ಒಂದು ಸಲ ಕೈಯಾರೆ ಹಾಗೆ ಮಾಡಿ ನೋಡಿ ಅಂತ ನನ್ನ ಸಲಹೆ. ಎಸ್‌ಡಿಕೆ ಒಳಗೆ ಏನು ನಡೆಯುತ್ತೆ ಅಂತ ಗೊತ್ತಾದರೆ ಎರರ್ ಬಂದಾಗ ಗಾಬರಿ ಕಮ್ಮಿ. ಆಮೇಲೆ 'ಪಿಪ್ ಇನ್‌ಸ್ಟಾಲ್ ರೇಜರ್‌ಪೇ' ಅಂತ ಟೈಪ್ ಮಾಡಿ, ಕೀಗಳನ್ನು ಕೊಟ್ಟು ಕ್ಲೈಂಟ್ ಮಾಡಿಕೊಂಡರೆ, ಆರ್ಡರ್ ಸೃಷ್ಟಿಸೋಕೆ ಒಂದೇ ಸಾಲು ಸಾಕು.

ಮೊದಲು ಟೆಸ್ಟ್ ಮೋಡ್‌ನಲ್ಲೇ ಆಟ ಆಡಿ. ಟೆಸ್ಟ್ ಕೀ ಮತ್ತು ಲೈವ್ ಕೀ ಬೇರೆ ಬೇರೆ, ಹೆಸರಿನ ಶುರುವಿನಲ್ಲೇ 'ಟೆಸ್ಟ್' ಅಥವಾ 'ಲೈವ್' ಅಂತ ಇರುತ್ತೆ. ಟೆಸ್ಟ್‌ನಲ್ಲಿ ನಿಜವಾದ ದುಡ್ಡು ಓಡಾಡಲ್ಲ. ಪಾವತಿ ಆದಂತೆ ನಟಿಸುವ ಒಂದು ಯುಪಿಐ ಐಡಿ, ಸೋತಂತೆ ನಟಿಸುವ ಇನ್ನೊಂದು ಐಡಿ ಕೊಟ್ಟಿದ್ದಾರೆ. ಎಲ್ಲರೂ ಗೆಲ್ಲುವ ಐಡಿ ಹಾಕಿ ಖುಷಿಪಡ್ತಾರೆ. ಸೋಲುವ ಐಡಿಯನ್ನೇ ಹೆಚ್ಚು ಸಲ ಹಾಕಿ ನೋಡಿ.

ಕೀ ಸೀಕ್ರೆಟ್ ಬಗ್ಗೆ ಸ್ವಲ್ಪ ಮಡಿ ಮಾಡೋದು ಒಳ್ಳೇದು. ಕೀ ಐಡಿ ವೆಬ್ ಪುಟದಲ್ಲಿ ಕಾಣಿಸಿದರೆ ಪರವಾಗಿಲ್ಲ. ಸೀಕ್ರೆಟ್ ಮಾತ್ರ ಸರ್ವರ್ ಬಿಟ್ಟು ಹೊರಗೆ ಬರಬಾರದು. ಅದನ್ನು ಕೋಡ್‌ನಲ್ಲಿ ಬರೆಯದೆ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿಡಿ. ಅಪ್ಪಿತಪ್ಪಿ ಗಿಟ್‌ಹಬ್‌ಗೆ ಹೋದರೆ, ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಹಳೆಯ ಹಿಸ್ಟರಿಯಲ್ಲಿ ಹಾಗೇ ಕೂತಿರುತ್ತೆ. ಆಗ ಡ್ಯಾಶ್‌ಬೋರ್ಡ್‌ಗೆ ಹೋಗಿ ಹೊಸ ಕೀ ಮಾಡಿಕೊಂಡು ಹಳೆಯದನ್ನು ಸಾಯಿಸೋದೊಂದೇ ದಾರಿ.

ಇನ್ನು ಮೊತ್ತ. ಇಲ್ಲಿ ಲೆಕ್ಕ ಪೈಸೆಯಲ್ಲಿ. 500 ರೂಪಾಯಿಗೆ 50000 ಅಂತ ಕೊಡಬೇಕು. 500 ಅಂತ ಕೊಟ್ಟರೆ ಉಪ್ಪಿನಕಾಯಿ ಐದು ರೂಪಾಯಿಗೆ ಹೋಗುತ್ತೆ. ಎಸ್‌ಡಿಕೆ ತಡೆಯಲ್ಲ, ಅದರ ದೃಷ್ಟಿಯಲ್ಲಿ ಐದು ರೂಪಾಯಿಯೂ ಸರಿಯಾದ ಮೊತ್ತವೇ. ದಶಮಾಂಶದ ಕಾಟ ಬೇರೆ: ಪೈಥಾನ್‌ನಲ್ಲಿ 19.99ನ್ನು 100ರಿಂದ ಗುಣಿಸಿ ಪೂರ್ಣಾಂಕ ಮಾಡಿದರೆ 1998 ಬರುತ್ತೆ, ಒಂದು ಪೈಸೆ ಮಾಯ. ಬೆಲೆಗಳನ್ನು ಶುರುವಿನಿಂದಲೇ ಪೈಸೆಯಲ್ಲೇ ಬರೆದಿಡಿ. ಮತ್ತೆ, ಒಟ್ಟು ಎಷ್ಟು ಅನ್ನೋದನ್ನ ನಿಮ್ಮ ಸರ್ವರ್ ಲೆಕ್ಕ ಹಾಕಬೇಕು. ಗ್ರಾಹಕನ ಫೋನಿನಿಂದ ಬಂದ ಮೊತ್ತವನ್ನೇ ನಂಬಿ ಆರ್ಡರ್ ಮಾಡಿದರೆ, ಆ ಅಂಕಿಯನ್ನು ತಿದ್ದೋಕೆ ಬುದ್ಧಿವಂತಿಕೆಯೇನೂ ಬೇಡ.

ಈಗ ಚಿಕ್ಕಮ್ಮನ ಸ್ಕ್ರೀನ್‌ಶಾಟ್ ಸಮಸ್ಯೆಗೆ ಬರ್ತೀನಿ. ಯೂಟ್ಯೂಬ್‌ನಲ್ಲಿ ನಾನು ನೋಡಿದ ಎಷ್ಟೋ ಪಾಠಗಳು, ಪಾವತಿ ಆದಮೇಲೆ ಬ್ರೌಸರ್‌ನಲ್ಲಿ 'ಸಕ್ಸೆಸ್' ಬಂತು, ಆರ್ಡರ್ ಪಕ್ಕಾ ಅಂತ ಮುಗಿಸಿಬಿಡುತ್ತವೆ. ಆ ಸುದ್ದಿ ಬರ್ತಿರೋದು ಗ್ರಾಹಕನ ಫೋನಿಂದ. ಅಂದ್ರೆ ಅದೂ ಒಂದು ಸ್ಕ್ರೀನ್‌ಶಾಟೇ, ಸ್ವಲ್ಪ ಟೆಕ್ನಿಕಲ್ ಆಗಿ ಕಾಣುತ್ತೆ ಅಷ್ಟೇ. ಯಾರು ಬೇಕಾದರೂ ನಿಮ್ಮ ಸರ್ವರ್‌ಗೆ 'ದುಡ್ಡು ಕೊಟ್ಟಿದ್ದೀನಿ' ಅಂತ ರಿಕ್ವೆಸ್ಟ್ ಕಳಿಸಬಹುದು.

ಇದಕ್ಕೇ ಸಿಗ್ನೇಚರ್ ಇರೋದು. ಪಾವತಿ ಆದಾಗ ಮೂರು ಸಂಗತಿ ವಾಪಸ್ ಬರುತ್ತೆ: ಆರ್ಡರ್ ಐಡಿ, ಪೇಮೆಂಟ್ ಐಡಿ, ಸಿಗ್ನೇಚರ್. ಮೊದಲೆರಡನ್ನು ಮಧ್ಯೆ ಒಂದು ನೆಟ್ಟ ಗೆರೆ ಹಾಕಿ ಜೋಡಿಸಿ, ನಿಮ್ಮ ಸೀಕ್ರೆಟ್ ಬಳಸಿ ಎಚ್‌ಮ್ಯಾಕ್ ಶಾ-256 ಅನ್ನುವ ಲೆಕ್ಕ ಹಾಕಿದರೆ ಸಿಗುವ ಉದ್ದದ ಅಕ್ಷರಮಾಲೆಯೇ ಸಿಗ್ನೇಚರ್. ಸೀಕ್ರೆಟ್ ಗೊತ್ತಿಲ್ಲದವನು ಅದನ್ನು ಹುಟ್ಟಿಸಲಾರ. ನಿಮ್ಮ ಸರ್ವರ್ ಅದೇ ಲೆಕ್ಕವನ್ನು ಇನ್ನೊಮ್ಮೆ ಹಾಕಿ ಎರಡೂ ಒಂದೇನಾ ಅಂತ ನೋಡುತ್ತೆ. ಲೆಕ್ಕಕ್ಕೆ ತಗೊಳ್ಳುವ ಆರ್ಡರ್ ಐಡಿ ನೀವು ಸೃಷ್ಟಿಸಿ ಬರೆದಿಟ್ಟುಕೊಂಡದ್ದೇ ಆಗಿರಲಿ, ಫೋನ್ ಕಳಿಸಿದ್ದು ಬೇಡ; ಇಲ್ಲಾಂದ್ರೆ ಹಳೇ ಚಿಕ್ಕ ಆರ್ಡರಿನ ಸಹಿ ತೋರಿಸಿ ಹೊಸ ದೊಡ್ಡ ಆರ್ಡರ್ ಬಿಡಿಸಿಕೊಳ್ಳಬಹುದು. ಈ ಇಡೀ ಪರೀಕ್ಷೆ ಎಸ್‌ಡಿಕೆಯಲ್ಲಿ ಒಂದೇ ಫಂಕ್ಷನ್. ನನ್ನ ಪ್ರಕಾರ ಎಸ್‌ಡಿಕೆ ಹಾಕಿಕೊಳ್ಳೋಕೆ ಅದೊಂದೇ ಕಾರಣ ಸಾಕು, ಆದರೆ ಅದನ್ನು ಕರೀಬೇಕಾದವರು ನೀವೇ.

ಅದೂ ಪೂರ್ತಿ ಸಾಲದು. ನಮ್ಮ ಮಲೆನಾಡಿನ ನೆಟ್‌ವರ್ಕ್ ಗೊತ್ತಲ್ಲ. ಗ್ರಾಹಕ ಪಿನ್ ಒತ್ತಿದ, ಖಾತೆಯಿಂದ ದುಡ್ಡು ಹೋಯ್ತು, ಅಷ್ಟರಲ್ಲಿ ಸಿಗ್ನಲ್ ಹೋಯ್ತು. ಬ್ರೌಸರ್ ನಿಮಗೆ ಏನೂ ಹೇಳಲ್ಲ. ಅದಕ್ಕೆ ವೆಬ್‌ಹುಕ್ ಹಾಕಿಡಬೇಕು: ರೇಜರ್‌ಪೇ ಸರ್ವರ್ ನೇರವಾಗಿ ನಿಮ್ಮ ಸರ್ವರ್‌ಗೆ ಸುದ್ದಿ ಕಳಿಸುತ್ತೆ, ಗ್ರಾಹಕನ ಫೋನ್ ನಡುವೆ ಇರಲ್ಲ. ಅದಕ್ಕೂ ಸಿಗ್ನೇಚರ್ ಇದೆ, ಅದರ ಸೀಕ್ರೆಟ್ ಬೇರೆ. ಒಂದೇ ಸುದ್ದಿ ಎರಡು ಸಲ ಬರಬಹುದು, ಹಾಗಾಗಿ ಈವೆಂಟ್ ಐಡಿ ಬರೆದಿಟ್ಟುಕೊಂಡು, ಮೊದಲೇ ಬಂದಿದ್ದರೆ ಸುಮ್ಮನಿರುವ ಹಾಗೆ ಕೋಡ್ ಬರೆಯಿರಿ. ಇಲ್ಲದಿದ್ರೆ ಒಂದು ಬಾಟಲಿಗೆ ದುಡ್ಡು ಕೊಟ್ಟವನ ಮನೆಗೆ ಎರಡು ಹೋಗುತ್ತೆ, ಅದನ್ನು ಫೋನ್ ಮಾಡಿ ಹೇಳುವ ಪುಣ್ಯಾತ್ಮರು ಅಪರೂಪ.

ಟೈಮ್‌ಔಟ್ ಆದಾಗ ಮತ್ತೆ ಪ್ರಯತ್ನಿಸೋದು ಆರ್ಡರ್ ವಿಷಯದಲ್ಲಿ ನಿರಪಾಯ, ಹೆಚ್ಚಂದ್ರೆ ಖಾಲಿ ಆರ್ಡರ್ ಒಂದು ಬಿದ್ದಿರುತ್ತೆ. ರೀಫಂಡ್ ವಿಷಯದಲ್ಲಿ ಹಾಗೆ ಮಾಡಬೇಡಿ. ಭಾಗಶಃ ರೀಫಂಡ್ ಎರಡು ಸಲ ಹೋಗಿಬಿಡಬಹುದು. ಮೊದಲನೆಯದು ಆಗಿದೆಯಾ ಅಂತ ಕೇಳಿ ನೋಡಿ, ಆಮೇಲೆ ಮುಂದಿನದು.

ಲೈವ್‌ಗೆ ಹೋಗುವಾಗ ಕೆವೈಸಿ ಆಗಿರಬೇಕು, ಕೀ ಬದಲಿಸಬೇಕು, ವೆಬ್‌ಹುಕ್ಕನ್ನು ಲೈವ್‌ಗೆ ಅಂತ ಮತ್ತೊಮ್ಮೆ ಹಾಕಬೇಕು. ಟೆಸ್ಟ್‌ನದ್ದು ತಾನಾಗಿ ಬರಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ಆಟೋ ಕ್ಯಾಪ್ಚರ್ ಆನ್ ಇದೆಯಾ ಅಂತಲೂ ನೋಡಿ. 'ಅಥೊರೈಸ್ಡ್' ಅಂತ ಕಂಡರೆ ದುಡ್ಡು ಇನ್ನೂ ನಿಮ್ಮ ಪಾಲಿಗೆ ಬಂದಿಲ್ಲ. ಗಡುವಿನೊಳಗೆ 'ಕ್ಯಾಪ್ಚರ್ಡ್' ಆಗದಿದ್ದರೆ ಅದು ಗ್ರಾಹಕನಿಗೇ ವಾಪಸ್ ಹೋಗುತ್ತೆ. ಪಾರ್ಸೆಲ್ ಕಟ್ಟೋದು 'ಕ್ಯಾಪ್ಚರ್ಡ್' ಅಂತ ನೋಡಿದ ಮೇಲೆ.