ಚಂದ್ರವಳ್ಳಿ: ದುರ್ಗದ ಮಗ್ಗುಲಿನ ಹಳೆಯ ನಗರ

ಚಿತ್ರದುರ್ಗವನ್ನು ನೋಡಹೋದವರು ಏಳು ಸುತ್ತಿನ ಕೋಟೆಯನ್ನು ಹತ್ತಿಳಿದ ಬಳಿಕ, ಹೊತ್ತು ಮಿಕ್ಕಿದ್ದರೆ ಮಾತ್ರ ಚಂದ್ರವಳ್ಳಿಯತ್ತ ತಿರುಗುವುದು ರೂಢಿ. ಕೋಟೆಯ ಬೆಟ್ಟ, ಕಿರುಬನಕಲ್ಲು, ಚೋಳಗುಡ್ಡ ಈ ಮೂರರ ನಡುವಣ ಕಣಿವೆಯಲ್ಲಿ ಒಂದು ಕೆರೆ, ಭೈರವೇಶ್ವರನ ಗುಡಿ, ಬಂಡೆಗಳಡಿಯಲ್ಲಿ ಅಂಕಲೆ ಮಠದ ಗುಹೆಗಳು; ಬಂದವರಿಗೆ ಇದು ಊರ ಹೊರಗಿನ ವಿಹಾರಸ್ಥಳವಷ್ಟೆ. ಕಾಲಕ್ರಮವನ್ನು ಗಮನಿಸಿದರಾದರೋ, ಚಂದ್ರವಳ್ಳಿಯನ್ನು ದುರ್ಗದ ಹೊರವಲಯವೆನ್ನುವುದಕ್ಕಿಂತ, ದುರ್ಗವನ್ನೇ ಚಂದ್ರವಳ್ಳಿಯ ಮಗ್ಗುಲಲ್ಲಿ ತರುವಾಯ ಬೆಳೆದ ಊರೆನ್ನುವುದು ಹೆಚ್ಚು ಸಂಗತವೆಂದು ನಮಗೆ ತೋರುತ್ತದೆ.

ಮೈಸೂರು ಪುರಾತತ್ತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು 1929ರಲ್ಲಿಯೂ, ಬ್ರಹ್ಮಗಿರಿಯ ಉತ್ಖನನದೊಡನೆ ವ್ಹೀಲರ್ ಅವರು 1947ರಲ್ಲಿಯೂ ಇಲ್ಲಿ ನೆಲವನ್ನು ಅಗೆಸಿ ನೋಡಿದರು. ಶಾತವಾಹನರ ನಾಣ್ಯಗಳೂ, ರೋಮಿನ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿಯ ನಾಣ್ಯಗಳೂ ಈ ಸ್ಥಳದಲ್ಲಿ ದೊರೆತಿವೆ. ಚಿತ್ರದುರ್ಗದ ಪರಿಸರದಲ್ಲಿ ದೊರೆತಿರುವ, ಸದಕನ ಕಳಲಾಯ ಮಹಾರಥಿಯ ಹೆಸರುಳ್ಳ ಸೀಸದ ನಾಣ್ಯಗಳು ಆ ಕಾಲದಲ್ಲಿ ಸ್ಥಳೀಯ ಅಧಿಪತಿಗಳೂ ಇದ್ದುದನ್ನು ತಿಳಿಸುತ್ತವೆ. ವಿದ್ಯಾರ್ಥಿಗಳು ಇಲ್ಲಿ ಒಂದು ಎಚ್ಚರವನ್ನು ವಹಿಸಬೇಕು. ಟೈಬೀರಿಯಸನು ಕ್ರಿ.ಶ. 37ರಲ್ಲಿ ತೀರಿಕೊಂಡನು, ಆದರೆ ಬೆಳ್ಳಿಯು ಕೈಯಿಂದ ಕೈಗೆ ಬಹುಕಾಲ ಓಡಾಡುವ ವಸ್ತುವಾದುದರಿಂದ, ನಾಣ್ಯವು ಸಿಕ್ಕಿದ ಪದರವು ಅದು ಟಂಕಿತವಾದ ಕಾಲಕ್ಕಿಂತ ಹಿಂದಿನದಲ್ಲವೆಂದು ಹೇಳಬಹುದೇ ಹೊರತು, ಅದೇ ಕಾಲದ್ದೆಂದು ಹೇಳಲಾಗದು. ಹೇಗಿದ್ದರೂ, ಕಡಲಿನಿಂದ ಇಷ್ಟು ದೂರದ ಒಳನಾಡಿನ ಕಣಿವೆಗೆ ಈ ಹಣವನ್ನು ತಂದುದು ವ್ಯಾಪಾರವೇ ಸರಿ.

ಜನರನ್ನು ಇಲ್ಲಿ ನಿಲ್ಲಿಸಿದುದು ನೀರು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಸುತ್ತಣ ಗುಡ್ಡಗಳ ನೀರು ಕಣಿವೆಗೆ ಇಳಿಯುತ್ತದೆ. ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲಿರುವ ಪ್ರಾಕೃತ ಶಾಸನವು ಕದಂಬ ಮಯೂರಶರ್ಮನು ಒಂದು ತಟಾಕವನ್ನು ನಿರ್ಮಿಸಿದನೆಂದು ಹೇಳುತ್ತದೆ. ಅವನು ಗೆದ್ದನೆನ್ನಲಾದ ರಾಜ್ಯಗಳ ಹೆಸರುಗಳನ್ನು ಓದುವುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವುಂಟು. ಕೆರೆಯ ವಿಷಯದಲ್ಲಿ ವಿವಾದವಿಲ್ಲ. ದಿಗ್ವಿಜಯದ ಪಟ್ಟಿಗಿಂತ ಕೆರೆಯ ಮಾತೇ ನಮಗೆ ಅಮೂಲ್ಯವೆನಿಸುತ್ತದೆ.

ವಿಜಯನಗರದ ಕಾಲದಲ್ಲಿ ತಲೆಯೆತ್ತಿದ ನಾಯಕರಿಗೆ ವ್ಯಾಪಾರಕ್ಕಿಂತ ರಕ್ಷಣೆಯ ಚಿಂತೆ ಹೆಚ್ಚಿನದಾಗಿದ್ದಿತು. ಅಧಿಕಾರವು ಕಣಿವೆಯನ್ನು ಬಿಟ್ಟು ಬೆಟ್ಟವನ್ನೇರಿತು. 1779ರಲ್ಲಿ ಹೈದರನಿಗೆ ಕೋಟೆ ವಶವಾಯಿತು. ಈಗಿನ ನಗರವಾದರೋ ಬೆಟ್ಟದ ತಪ್ಪಲಿನ ಬಯಲಿನಲ್ಲಿ, ಬೆಂಗಳೂರು–ಪುಣೆ ಹೆದ್ದಾರಿಯ ಆಸರೆಯಲ್ಲಿ ಹಬ್ಬಿದೆ. ದುರ್ಗದ ಚರಿತ್ರೆಯನ್ನು ನಾಯಕರಿಂದಲೇ ಆರಂಭಿಸುವ ವಾಡಿಕೆ ನಮ್ಮ ತರಗತಿಗಳಲ್ಲಿ ಬೇರೂರಿದೆ. ಈ ದೋಷಕ್ಕೆ ನಾವೂ ಹೊರತಲ್ಲ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಅಧ್ಯಾಪಕರು ಮೊದಲು ಕೆರೆಯ ಬಳಿ ಇಳಿದು, ಆ ಬಂಡೆಯನ್ನು ತೋರಿಸಿ, ಅನಂತರ ಕೋಟೆಯನ್ನು ಹತ್ತುವುದು ಲೇಸು.